ಜಾಝ್ ಫ್ಯೂಷನ್: ಕೇಳಬೇಕಾದ ನುಡಿಕೆಗಳು, ಕನ್ನಡನಾಡಿನ ನಂಟು

ಜಾಝ್ ಫ್ಯೂಷನ್ ಎಂಬುದು 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಮೈದಾಳಿದ ವಾದ್ಯಸಂಗೀತ ಪದ್ಧತಿ. ಜಾಝಿನ ಮನೋಧರ್ಮ, ರಾಕ್ ಸಂಗೀತದ ವಿದ್ಯುತ್ ವಾದ್ಯಗಳು, ಫಂಕ್ ಸಂಗೀತದ ಬಿಡದೆ ಸುತ್ತಿಬರುವ ಗತಿ, ಈ ಮೂರೂ ಕೂಡಿದಲ್ಲಿ ಅದು ಹುಟ್ಟಿತು. ಹುಟ್ಟಿದ ಐದಾರು ವರ್ಷಗಳಲ್ಲೇ ಭಾರತದ ಎರಡೂ ಶಾಸ್ತ್ರೀಯ ಪದ್ಧತಿಗಳತ್ತ ಕೈಚಾಚಿತು. ಆ ಕವಲನ್ನು ಇಂಡೋ-ಜಾಝ್ ಎನ್ನುತ್ತಾರೆ. ಕನ್ನಡದಲ್ಲಿ ‘ಫ್ಯೂಷನ್’ ಎಂಬ ಮಾತು ಈಗ ಬಹಳ ಸಡಿಲವಾಗಿದೆ. ಕಾಲೇಜಿನ ಗ್ಯಾದರಿಂಗಿನಲ್ಲಿ ವಚನಕ್ಕೆ ಗಿಟಾರು ಹಚ್ಚಿದರೂ ಫ್ಯೂಷನ್, ಆರತಕ್ಷತೆಯಲ್ಲಿ ಕೊಳಲಿಗೆ ರಿದಮ್ ಪ್ಯಾಡ್ ಕೂಡಿಸಿದರೂ ಫ್ಯೂಷನ್. ಆ ಅರ್ಥವನ್ನು ಇಲ್ಲಿ ಬಿಟ್ಟಿದೆ. ಜಾಝ್ ಬಲ್ಲವರೂ ರಾಗ-ತಾಳ ಬಲ್ಲವರೂ ಸರಿಸಮ ಕೂತು ನುಡಿಸಿದ ಕೃತಿಗಳು, ಅದರಲ್ಲೂ ಕನ್ನಡನಾಡಿಗೆ ನಂಟಿರುವವು, ಈ ಲೇಖನದ ವಸ್ತು.

ಹೊಸದಾಗಿ ಕೇಳುವವರು ಸ್ವರದ ಬೆನ್ನುಹತ್ತಿ ದಾರಿ ತಪ್ಪುವುದು ಹೆಚ್ಚು. ಇದು ಯಾವ ರಾಗ ಎಂದು ಹುಡುಕುವಷ್ಟರಲ್ಲಿ ಗಿಟಾರು ಎರಡು ಸಲ ಶ್ರುತಿ ಬದಲಿಸಿರುತ್ತದೆ. ಅಂಥವರು ಸ್ವರವನ್ನು ಸ್ವಲ್ಪ ಹೊತ್ತು ಮರೆತು ಕೈಬೆರಳಲ್ಲಿ ಮಾತ್ರೆ ಎಣಿಸುತ್ತ ಕೂತರೆ ಒಳಗೆ ಹೋಗುವುದು ಸುಲಭ. ಜಾಝಿನವರೂ ನಮ್ಮವರೂ ಮೊದಲು ಕೈಕುಲುಕಿದ್ದು ಲೆಕ್ಕದಲ್ಲಿ, ರಾಗದಲ್ಲಿ ಅಲ್ಲ. ಆ ಲೆಕ್ಕ ಕನ್ನಡದ ಕಿವಿಗೆ ಹೊಸದೂ ಅಲ್ಲ.

ತೊರವಿಯ ಏಳು ಮಾತ್ರೆ

ವಿಜಯಪುರ ನಗರದ ಪಶ್ಚಿಮಕ್ಕೆ ಹತ್ತಿಕೊಂಡಂತಿರುವ ತೊರವಿ ಎರಡು ಕಾರಣಕ್ಕೆ ಈ ಲೇಖನದೊಳಗೆ ಬರುತ್ತದೆ. ಒಂದು ಅಲ್ಲಿಯ ನರಸಿಂಹನ ಗುಡಿ, ಇನ್ನೊಂದು ಸಂಗೀತ ಮಹಲು.

ತೊರವಿಯ ನರಸಿಂಹನ ಅಂಕಿತದಲ್ಲಿ ಕುಮಾರವಾಲ್ಮೀಕಿ ಬರೆದ ರಾಮಾಯಣಕ್ಕೆ ಊರಿನ ಹೆಸರೇ ಉಳಿಯಿತು. ಅದರ ಛಂದಸ್ಸು ಭಾಮಿನಿ ಷಟ್ಪದಿ. ಮೂರು ಮಾತ್ರೆಯ ಒಂದು ಗಣ, ನಾಲ್ಕರ ಒಂದು ಗಣ, ಮತ್ತೆ ಮೂರು, ಮತ್ತೆ ನಾಲ್ಕು. ಮೂರೂ ನಾಲ್ಕೂ ಕೂಡಿಸಿದರೆ ಏಳು. ಗಮಕಿಗಳು ತಾಳ ಹಾಕಿಕೊಂಡು ಓದುವುದಿಲ್ಲ ನಿಜ. ಆದರೆ ಒಂದು ರಾತ್ರಿ ಕೂತು ಕೇಳಿದವರಿಗೆ ಆ ಕುಂಟು ನಡಿಗೆ ಕಿವಿಯಲ್ಲಿ ನಿಲ್ಲುತ್ತದೆ. ಕರ್ನಾಟಕ ಸಂಗೀತದವರು ಇದೇ ಏಳನ್ನು ಮಿಶ್ರಛಾಪು ಎಂದು ‘ತಕಿಟ ತಕ ದಿಮಿ’ಯಲ್ಲಿ ಹೇಳುತ್ತಾರೆ. ತಬಲಾದವರು ರೂಪಕ ಎನ್ನುತ್ತಾರೆ. ಏಳರ ಎಣಿಕೆಯ ನುಡಿಕೆ ಕೈಗೆ ಸಿಕ್ಕಾಗ ಅಮೆರಿಕದ ಡ್ರಮ್ಮರ್ ಪುಸ್ತಕ ತೆಗೆದು ಅಭ್ಯಾಸಕ್ಕೆ ಕೂರಬೇಕಾದೀತು. ಷಟ್ಪದಿ ಕೇಳಿ ಬೆಳೆದವನ ಕಾಲು ತಾನಾಗಿಯೇ ಆಡುತ್ತದೆ.

ಸಂಗೀತ ಮಹಲಿನ ಕಥೆ ಬೇರೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ (ಆಳ್ವಿಕೆ 1580-1627) 1599ರಲ್ಲಿ ತೊರವಿಯ ಬಳಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. ಅವನು ದಖನಿಯಲ್ಲಿ ರಚಿಸಿದ ಹಾಡುಗಳ ಸಂಗ್ರಹ ‘ಕಿತಾಬ್-ಎ-ನವರಸ್’. ಹಾಡುಗಳು ರಾಗದ ಹೆಸರಿನಡಿ ಜೋಡಣೆಗೊಂಡಿವೆ. ಸರಸ್ವತಿಯ ಸ್ತುತಿಯೂ ಇದೆ, ಸೂಫಿ ಸಂತ ಗೇಸುದರಾಜರ ಸ್ತುತಿಯೂ ಇದೆ, ಪ್ರೀತಿಯ ತಂಬೂರಿ ‘ಮೋತಿ ಖಾನ್’ನ ಮಾತೂ ಇದೆ. ಅದಕ್ಕೆ ಮುನ್ನುಡಿ ಬರೆದವನು ಇರಾನಿನಿಂದ ಬಂದ ಪಾರಸಿ ಕವಿ ಜುಹೂರಿ. ‘ನವರಸ್’ ಎಂಬ ಹೆಸರೇ ಒಂದು ಬೆರಕೆ: ಸಂಸ್ಕೃತದವರಿಗೆ ಅದು ಒಂಬತ್ತು ರಸ, ಪಾರಸಿಯವರಿಗೆ ಹೊಸದಾಗಿ ಬಂದದ್ದು. ಪಟ್ಟಣ ಪೂರ್ತಿಯಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ಹಾಳುಗೆಡವಿತು. ಈಗ ಅಲ್ಲಿ ಸಂಗೀತ ಮಹಲಾಗಿ ಉಳಿದಿರುವುದು ಎತ್ತರದ ಕಮಾನು, ಚಾವಣಿ ಕಳಚಿದ ಗೋಡೆಗಳು. ಇದನ್ನು ಜಾಝ್ ಫ್ಯೂಷನ್ನಿನ ಮೂಲ ಎಂದು ಯಾರೂ ಹೇಳಬಾರದು, ಭಾಷಣಕಾರರು ಹೇಳುವುದುಂಟು. ಹೊರಗಿನ ದನಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ರೂಢಿ ಈ ಸೀಮೆಗೆ ಹಳೆಯದು ಎಂಬಷ್ಟು ಹೇಳಿದರೆ ಸಾಕು. ಫ್ರಾನ್ಸಿನಲ್ಲಿ ಹುಟ್ಟಿದ ಹಾರ್ಮೋನಿಯಂ ಇಲ್ಲದೆ ಇಲ್ಲಿಯ ಸಣ್ಣಾಟವೂ ಇಲ್ಲ, ಭಜನೆಯೂ ಇಲ್ಲ. ಅದನ್ನು ಯಾರೂ ಫ್ಯೂಷನ್ ಎಂದು ಕರೆಯುವುದಿಲ್ಲ.

ಎಣಿಸಿ ಕೇಳುವ ಬಗೆ

ಫ್ಯೂಷನ್ನಿಗೆ ಮೊದಲಿನದಾದರೂ ಕೈಹಿಡಿದು ನಡೆಸುವ ನುಡಿಕೆ ‘ಟೇಕ್ ಫೈವ್’. ಡೇವ್ ಬ್ರೂಬೆಕ್ ತಂಡದ 1959ರ ‘ಟೈಮ್ ಔಟ್’ ಧ್ವನಿಮುದ್ರಿಕೆಯದು. ರಚಿಸಿದವನು ತಂಡದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಹಳೆಯ ಜಾಹೀರಾತುಗಳಲ್ಲಿ, ಹೋಟೆಲಿನ ಲಿಫ್ಟುಗಳಲ್ಲಿ ಇದರ ದನಿ ಕೇಳದವರಿಲ್ಲ. ಐದು ಮಾತ್ರೆಯ ಆವರ್ತ. ನಮ್ಮ ಖಂಡಛಾಪು ಎರಡು-ಮೂರು: ‘ತಕ ತಕಿಟ’. ಪಿಯಾನೊ ಇಲ್ಲಿ ಹಿಡಿದಿರುವುದು ಮೂರು-ಎರಡು: ‘ತಕಿಟ ತಕ’. ಖಂಡಛಾಪಿನ ಕೃತಿ ಹಾಡಿ ರೂಢಿಯಿದ್ದವರು ಇದಕ್ಕೆ ತಾಳ ಹಾಕಹೋದರೆ ಮೊದಲ ಎರಡು ಸುತ್ತು ತೊಡೆಯ ಮೇಲಿನ ಕೈ ತಡವರಿಸುತ್ತದೆ, ಮೂರನೆಯ ಸುತ್ತಿಗೆ ಕೂಡಿಕೊಳ್ಳುತ್ತದೆ. ಆ ತಡವರಿಕೆಯನ್ನು ಅನುಭವಿಸಿದವರಿಗೆ ಮುಂದಿನದೆಲ್ಲ ಹಗುರ.

ಮಹಾವಿಷ್ಣು ಆರ್ಕೆಸ್ಟ್ರಾದ ‘ದ ಡಾನ್ಸ್ ಆಫ್ ಮಾಯಾ’ (1971) ಹತ್ತು ಮಾತ್ರೆಯ ಸುತ್ತು. ಝಪ್‌ತಾಲ್ ಬಲ್ಲವರು ಬೆರಳು ಮಡಚುತ್ತ ಕೇಳಬಹುದು. ನಡುವೆ ಡ್ರಮ್ಸ್ ಇದ್ದಕ್ಕಿದ್ದಂತೆ ಬ್ಲೂಸ್ ನಡಿಗೆಗೆ ಹೊರಳುತ್ತದೆ, ಎಣಿಕೆ ಕೈತಪ್ಪಿತು ಅನ್ನಿಸುತ್ತದೆ. ಹತ್ತು ಎಲ್ಲಿಗೂ ಹೋಗಿರುವುದಿಲ್ಲ. ಕೊನೆಗೆ ಮೊದಲಿನ ಗಿಟಾರ್ ಎಳೆಯೂ ಈ ಬ್ಲೂಸೂ ಒಂದರ ಮೇಲೊಂದು ಕೂತಾಗ ಎರಡರ ಲೆಕ್ಕವೂ ಒಂದೇ ಎಂದು ತಿಳಿಯುತ್ತದೆ. ತನಿ ಆವರ್ತನದ ಮುಕ್ತಾಯದಲ್ಲಿ ಮೃದಂಗ ಸಮಕ್ಕೆ ಬಂದು ಬೀಳುವಾಗಿನ ಸುಖವೇ ಇಲ್ಲೂ ಇದೆ.

ಅಮೆರಿಕದ ಬೇರು

ಜಾನ್ ಕೋಲ್ಟ್ರೇನ್ 1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ‘ಇಂಡಿಯಾ’ 1963ರ ‘ಇಂಪ್ರೆಶನ್ಸ್’ನಲ್ಲಿ ಹೊರಬಂತು. ಅದರಲ್ಲಿ ಎರಡು ಬೇಸ್ ವಾದ್ಯಗಳು ಶ್ರುತಿ ಹಿಡಿದಂತೆ ಒಂದೇ ನೆಲೆಯಲ್ಲಿ ನಿಲ್ಲುತ್ತವೆ, ಮೇಲೆ ಸ್ಯಾಕ್ಸೊಫೋನ್ ಅಲೆಯುತ್ತದೆ. ಕೋಲ್ಟ್ರೇನ್ ತನ್ನ ಮಗನಿಗೆ ರವಿ ಎಂದು ಹೆಸರಿಟ್ಟದ್ದು ರವಿಶಂಕರರ ನೆನಪಿಗೆ. ಲಂಡನ್ನಿನಲ್ಲಿ ಕಲ್ಕತ್ತಾ ಮೂಲದ ಜಾನ್ ಮೇಯರ್, ಜಮೈಕಾ ಮೂಲದ ಜೋ ಹ್ಯಾರಿಯಟ್ ಜತೆ 1966ರಲ್ಲಿ ‘ಇಂಡೋ-ಜಾಝ್ ಸೂಟ್’ ತಂದ. ಅದು ಚರಿತ್ರೆಗೆ ಮುಖ್ಯ. ಕೇಳಲು ಸ್ವಲ್ಪ ಒಣ.

ನಿಜವಾದ ತಿರುವು ಮೈಲ್ಸ್ ಡೇವಿಸನ ‘ಇನ್ ಎ ಸೈಲೆಂಟ್ ವೇ’ (1969). ಶೀರ್ಷಿಕೆಯ ನುಡಿಕೆಯನ್ನು ಬರೆದವನು ಜೋ ಜಾವಿನುಲ್. ಅವನು ಹಾಕಿಕೊಟ್ಟ ಕಾರ್ಡುಗಳನ್ನೆಲ್ಲ ಡೇವಿಸ್ ತೆಗೆದುಹಾಕಿ ಒಂದೇ ನೆಲೆಸ್ವರ ಉಳಿಸಿದ. ಗಿಟಾರು ಹಿಡಿದ ತರುಣ ಜಾನ್ ಮೆಕ್ಲಾಫ್ಲಿನ್‌ಗೆ, ಗಿಟಾರು ಬಾರದವನ ಹಾಗೆ ನುಡಿಸು ಎಂದನಂತೆ. ಬಂದದ್ದು ಆಲಾಪ. ಜಾಝಿನವರು ಅದನ್ನು ಹಾಗೆ ಕರೆಯಲಿಲ್ಲ, ಆದರೆ ತಂಬೂರಿಯ ಮುಂದೆ ಕೂತು ಬೆಳೆದವರಿಗೆ ಬೇರೆ ಹೆಸರು ಹೊಳೆಯುವುದಿಲ್ಲ. ಇನ್ನೊಂದು ಚಮತ್ಕಾರ ಇದರ ಸಂಪಾದಕ ಟಿಯೊ ಮ್ಯಾಸೆರೊನದು. ಮೊದಲ ಭಾಗದ ಟೇಪನ್ನೇ ಕತ್ತರಿಸಿ ಕೊನೆಗೂ ಅಂಟಿಸಿದ್ದಾನೆ. ಪಲ್ಲವಿ ತಿರುಗಿ ಬಂದಂತಾಗುತ್ತದೆ.

ಅದೇ ವರ್ಷ ಮುದ್ರಿಸಿ 1970ರಲ್ಲಿ ಹೊರತಂದ ‘ಬಿಚಸ್ ಬ್ರೂ’ ಹೆಚ್ಚು ಪ್ರಸಿದ್ಧ. ಹೊಸಬರು ಅಲ್ಲಿಂದ ಶುರುಮಾಡದಿರುವುದೇ ಒಳ್ಳೆಯದು. ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ಪಾಡಾಗುತ್ತದೆ. 1972ರ ‘ಆನ್ ದ ಕಾರ್ನರ್’ನಲ್ಲಿ ಬಾದಲ್ ರಾಯ್ ತಬಲಾ ಬಾರಿಸಿದ್ದಾರೆ. ಅದರ ‘ಬ್ಲ್ಯಾಕ್ ಸ್ಯಾಟಿನ್’ ಒಂದನ್ನು ಕೇಳಿದರೆ ಸಾಕು.

ಡೇವಿಸನ ಜತೆ ನುಡಿಸಿದವರೇ ಮುಂದೆ ಬೇರೆ ಬೇರೆ ತಂಡ ಕಟ್ಟಿದರು, ಫ್ಯೂಷನ್ನಿನ ಮನೆಮಾತಾದ ನುಡಿಕೆಗಳೆಲ್ಲ ಅವರವೇ. ಹರ್ಬಿ ಹ್ಯಾನ್‌ಕಾಕನ ‘ಕಮೀಲಿಯನ್’ (1973) ಹದಿನೈದು ನಿಮಿಷ ಮೀರಿದ್ದು. ಸಿಂಥಸೈಜರಿನ ಒಂದು ಬೇಸ್ ಸಾಲು ಹಿಡಿದು ಕೂತುಬಿಡುತ್ತದೆ, ನೆಲ ಒರೆಸುತ್ತ ಕೇಳಿದರೂ ಚೆಂದ. ಚಿಕ್ ಕೊರಿಯಾನ ‘ಸ್ಪೇನ್’ ರಿಟರ್ನ್ ಟು ಫಾರೆವರ್ ತಂಡದ ‘ಲೈಟ್ ಆಸ್ ಎ ಫೆದರ್’ನಲ್ಲಿದೆ, ರೊದ್ರಿಗೊನ ಸ್ಪ್ಯಾನಿಷ್ ಗಿಟಾರ್ ಕಾನ್ಸರ್ಟೊದ ಎಳೆಯಿಂದ ಶುರುವಾಗಿ ಚಪ್ಪಾಳೆಗೆ ಏರುತ್ತದೆ. ವೆದರ್ ರಿಪೋರ್ಟ್ ತಂಡದ ‘ಬರ್ಡ್‌ಲ್ಯಾಂಡ್’ (1977) ಜಾಕೊ ಪಾಸ್ಟೋರಿಯಸ್‌ನ ಬೇಸಿಗಾಗಿ ಕೇಳಬೇಕಾದ್ದು. ಬಿಲಿ ಕಾಬ್‌ಹ್ಯಾಮನ ‘ಸ್ಟ್ರಾಟಸ್’ (1973) ಕೇಳಿದ ಕೂಡಲೇ ಇದನ್ನೆಲ್ಲೋ ಕೇಳಿದ್ದೇನೆ ಅನ್ನಿಸಿದರೆ ಅದು ಸುಳ್ಳಲ್ಲ: 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡ ಇದರ ಎಳೆಯನ್ನೇ ಎತ್ತಿಕೊಂಡು ತನ್ನ ಹಾಡಿಗೆ ಹೊಲಿದುಕೊಂಡಿತ್ತು.

ಶಕ್ತಿ

ಮೆಕ್ಲಾಫ್ಲಿನ್ ತಾನು ಕಟ್ಟಿದ್ದ ಮಹಾವಿಷ್ಣು ಆರ್ಕೆಸ್ಟ್ರಾದ ಗದ್ದಲ ಬಿಟ್ಟು ‘ಶಕ್ತಿ’ ತಂಡದೊಡನೆ ನೆಲದ ಮೇಲೆ ಚಕ್ಕಳಮಕ್ಕಳ ಕೂತದ್ದು 1970ರ ದಶಕದ ನಡುವಿನಲ್ಲಿ. ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಜಾಕಿರ್ ಹುಸೇನ್, ಘಟಕ್ಕೆ ಟಿ.ಎಚ್. ವಿನಾಯಕರಾಮ್, ಮೊದಲ ಧ್ವನಿಮುದ್ರಿಕೆಯಲ್ಲಿ ಮೃದಂಗಕ್ಕೆ ರಾಮನಾಡ್ ರಾಘವನ್. ಮೆಕ್ಲಾಫ್ಲಿನ್ ಅಮೆರಿಕದಲ್ಲಿ ವೀಣೆಯ ಪಾಠ ಹೇಳಿಸಿಕೊಂಡಿದ್ದ ಗಿಟಾರಿಗ; ಗಿಟಾರಿನ ಮೈಮೇಲೆ ಅಡ್ಡಲಾಗಿ ಅನುರಣನದ ತಂತಿ ಹಾಕಿಸಿಕೊಂಡ, ಮೆಟ್ಟಿಲುಗಳ ನಡುವೆ ಮರವನ್ನು ಕೊರೆಸಿ ತಂತಿಯನ್ನು ಒತ್ತಿ ಎಳೆಯುವಂತೆ ಮಾಡಿಸಿಕೊಂಡ. ಗಮಕಕ್ಕೆ ಬೇಕಾದದ್ದು ಅದೇ.

1975ರ ಜುಲೈ 5ರಂದು ಅಮೆರಿಕದ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಛೇರಿ ಮರುವರ್ಷ ತಟ್ಟೆಯಾಗಿ ಬಂತು. ಅದರ ಮೊದಲ ನುಡಿಕೆ ‘ಜಾಯ್’ ಹದಿನೆಂಟು ನಿಮಿಷದ ಓಟ. ವೇಗಕ್ಕಾಗಿ ಇದನ್ನು ಹೊಗಳುವವರು ಹೆಚ್ಚು. ಇದರ ನಿಜವಾದ ಬೆಲೆ ಪಿಟೀಲು ಮತ್ತು ಗಿಟಾರಿನ ಸವಾಲ್-ಜವಾಬಿನಲ್ಲಿದೆ; ಸವಾಲು ಎಲ್ಲಿ ಮುಗಿಯಿತು, ಜವಾಬು ಎಲ್ಲಿ ಶುರುವಾಯಿತು ಎಂಬುದೇ ಕೊನೆಕೊನೆಗೆ ಗೊತ್ತಾಗುವುದಿಲ್ಲ. ಅದೇ ತಟ್ಟೆಯ ‘ಲೋಟಸ್ ಫೀಟ್’ ಐದು ನಿಮಿಷದೊಳಗಿನ ಶಾಂತ ನುಡಿಕೆ. ರಾತ್ರಿ ಊಟವಾದ ಮೇಲೆ ಕೇಳುವಂಥದ್ದು. 1976ರ ‘ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ’ಯ ‘ಲಾ ದಾನ್ಸ್ ದು ಬೊನರ್’ ಕೊನ್ನಕೋಲಿನಿಂದಲೇ ಎದ್ದೇಳುತ್ತದೆ: ಬಾಯಲ್ಲಿ ಹೇಳಿದ ಜತಿಯನ್ನೇ ವಾದ್ಯಗಳು ಎತ್ತಿಕೊಳ್ಳುತ್ತವೆ. ಹೆಸರು ಫ್ರೆಂಚು, ಉಸಿರು ಮದರಾಸಿನದು.

ಈ ಮೂಲ ತಂಡ ಮೂರು ತಟ್ಟೆಗಳಿಗೆ ಮುಗಿಯಿತು. 1990ರ ದಶಕದ ಕೊನೆಗೆ ‘ರಿಮೆಂಬರ್ ಶಕ್ತಿ’ ಎಂದು ಮರುಹುಟ್ಟು ಪಡೆದಾಗ ಮ್ಯಾಂಡೊಲಿನ್ನಿನ ಯು. ಶ್ರೀನಿವಾಸ್, ಆಮೇಲೆ ಗಾಯಕ ಶಂಕರ್ ಮಹಾದೇವನ್ ಬಂದರು. 2023ರಲ್ಲಿ ಐವತ್ತನೆಯ ವರ್ಷದ ಪ್ರವಾಸದ ನಡುವೆ ಬೆಂಗಳೂರಿನಲ್ಲೂ ನುಡಿಸಿದರು. ಆ ವರ್ಷದ ‘ದಿಸ್ ಮೊಮೆಂಟ್’ಗೆ 2024ರಲ್ಲಿ ಗ್ರ್ಯಾಮಿ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ತೀರಿಕೊಂಡರು.

ಬೆಂಗಳೂರಿನ ಲಯ

ಕನ್ನಡನಾಡಿನಿಂದ ಜಾಝ್ ಫ್ಯೂಷನ್ನಿಗೆ ಹೋದ ದೊಡ್ಡ ಕಾಣಿಕೆ ಒಂದು ತಾಳವಾದ್ಯದ ಶಾಲೆಯದು. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಕಛೇರಿಯಲ್ಲಿ ಪಕ್ಕವಾದ್ಯ ಎನಿಸಿಕೊಂಡಿದ್ದ ಮೃದಂಗ, ಘಟ, ಖಂಜಿರ, ಮೋರ್ಚಿಂಗುಗಳನ್ನೇ ವೇದಿಕೆಯ ನಡುವಿಗೆ ತಂದ ಸಂಸ್ಥೆ ಇದು. ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಈ ತಂಡದ ಕೊರಳು.

1970ರ ದಶಕದ ಕೊನೆಗೆ ಜರ್ಮನಿಯ ಎಂಬ್ರಿಯೊ ತಂಡ ಬಸ್ಸು ಹತ್ತಿ ನೆಲದ ದಾರಿಯಲ್ಲೇ ಭಾರತಕ್ಕೆ ಬಂತು. ಆ ತಂಡಕ್ಕೂ ಮಣಿಯವರ ಶಾಲೆಗೂ ನಂಟು ಬೆಳೆಯಿತು. ಎಂಬ್ರಿಯೊದಿಂದ ಒಡೆದು ಹುಟ್ಟಿದ ಡಿಸಿಡೆಂಟನ್ ತಂಡದ ಮೊದಲ ಧ್ವನಿಮುದ್ರಿಕೆ ‘ಜರ್ಮನಿಸ್ತಾನ್’ನಲ್ಲಿ (1982) ಬೆಂಗಳೂರಿನವರೇ ಅರ್ಧ ಪಾಲು. ಮದರಾಸಿನ ರಾಕ್ ಡ್ರಮ್ಮರ್ ರಮೇಶ್ ಶೋಥಂ ಇದೇ ಶಾಲೆಯಲ್ಲಿ ತವಿಲ್, ಘಟಗಳ ಲೆಕ್ಕ ಕಲಿತು ಜರ್ಮನಿಯ ಕೊಲೋನ್‌ಗೆ ಹೋಗಿ ಯುರೋಪಿನ ಜಾಝ್ ವೇದಿಕೆಗಳಲ್ಲಿ ನೆಲೆಯಾದರು.

ಇವೆಲ್ಲಕ್ಕೂ ಮೇಲೆ ನಿಲ್ಲುವುದು ‘ಜ್ಯೋತಿ’. 1983ರ ಫೆಬ್ರುವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಮುದ್ರಣವಾಯಿತು, ಮ್ಯೂನಿಕ್ಕಿನ ಇಸಿಎಂ ಸಂಸ್ಥೆ ಹೊರತಂದಿತು, ನಿರ್ಮಾಪಕ ಮ್ಯಾನ್‌ಫ್ರೆಡ್ ಐಶರ್. ರಮಾಮಣಿಯವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ-ಮೋರ್ಚಿಂಗು-ಕೊನ್ನಕೋಲು, ಟಿ.ಎನ್. ಶಶಿಕುಮಾರರ ಖಂಜಿರ-ಕೊನ್ನಕೋಲು. ಎದುರಿಗೆ ಬಾಸ್ಟನ್ನಿನ ಚಾರ್ಲಿ ಮರಿಯಾನೊ (1923-2009) ಸೊಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದಿದ್ದಾನೆ. ಚಾರ್ಲ್ಸ್ ಮಿಂಗಸ್‌ನ 1963ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಅಳುವಂತೆ ನುಡಿಸಿದವನು ಅವನೇ. ನಡುವಯಸ್ಸಿನಲ್ಲಿ ನಾಗಸ್ವರಕ್ಕೆ ಮರುಳಾಗಿ ಅದನ್ನು ಕಲಿಯಲು ದಕ್ಷಿಣ ಭಾರತಕ್ಕೆ ಬಂದವನು.

ಆರು ನುಡಿಕೆಗಳಲ್ಲಿ ಮೊದಲನೆಯದು ‘ವಾಯ್ಸ್ ಸೋಲೊ’, ಹೆಸರೇ ಹೇಳುವಂತೆ ರಮಾಮಣಿಯವರ ಒಂಟಿ ದನಿ. ಜಾಝ್ ತಟ್ಟೆ ಎಂದು ಕೊಂಡ ಯುರೋಪಿನವನ ಕಿವಿಗೆ ಮೊದಲು ಬಿದ್ದದ್ದು ಬೆಂಗಳೂರಿನ ಹೆಣ್ಣುಮಗಳೊಬ್ಬಳ ಕೊರಳು. ಮುಂದೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ಕೊನೆಗೆ ‘ಭಜನ್’. ಇಲ್ಲಿ ಡ್ರಮ್ಸ್ ಇಲ್ಲ, ವಿದ್ಯುತ್ ಗಿಟಾರಿಲ್ಲ. ಮರಿಯಾನೊ ಬಹಳ ಹೊತ್ತು ಸುಮ್ಮನಿರುತ್ತಾನೆ, ಬಂದರೂ ಹಾಡಿನ ಪಕ್ಕದಲ್ಲಿ ನಡೆಯುತ್ತಾನೆ. ಮೇಳವಿಸುವಾಗ ತಾನು ಕಲಿತದ್ದನ್ನೆಲ್ಲ ತೋರಿಸಹೋಗದ ಈ ಸಂಯಮ ಫ್ಯೂಷನ್ನಿನಲ್ಲಿ ಅಪರೂಪ. ಒಂದೇ ಒಂದು ಧ್ವನಿಮುದ್ರಿಕೆ ಕೇಳುತ್ತೇನೆ ಎನ್ನುವವರಿಗೆ ನನ್ನ ಸೂಚನೆ ಇದೇ. ಬೆಳಗಿನ ಆರು ಗಂಟೆ ಪ್ರಶಸ್ತ.

ಮುಂಬೈಯಲ್ಲಿ 1978ರಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವದ ಬಳಗದಲ್ಲೂ ರಮಾಮಣಿ ಹಾಡಿದರು. ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್‌ರ ತಂಡದೊಡನೆ ಯುರೋಪ್ ಸುತ್ತಿದರು. ಜಾಝ್ ಗಾಯಕರು ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವುದಕ್ಕೆ ಸ್ಕ್ಯಾಟ್ ಎನ್ನುತ್ತಾರೆ. ರಮಾಮಣಿ ಆ ಜಾಗದಲ್ಲಿ ಸ್ವರಕಲ್ಪನೆಯನ್ನೂ ಜತಿಗಳನ್ನೂ ಇಟ್ಟರು, ಕೇಳುವವರಿಗೆ ತೇಪೆ ಕಾಣಲಿಲ್ಲ.

ಬೆಳಗಾವಿಯ ಎಳೆ

ಠುಮ್ರಿಯ ರಾಣಿ ಎನಿಸಿಕೊಂಡ ಶೋಭಾ ಗುರ್ಟು 1925ರಲ್ಲಿ ಹುಟ್ಟಿದ್ದು ಬೆಳಗಾವಿಯಲ್ಲಿ. ಅವರ ಮಗ, ಮುಂಬೈಯಲ್ಲಿ ಬೆಳೆದ ತ್ರಿಲೋಕ್ ಗುರ್ಟು, ತಬಲಾ ಮತ್ತು ಡ್ರಮ್ಸ್ ಎರಡನ್ನೂ ಸುತ್ತ ಹರಡಿಕೊಂಡು ಮಂಡಿಯೂರಿ ಬಾರಿಸುವ ತಾಳಗಾರ. 1988ರ ‘ಉಸ್‌ಫ್ರೆಟ್’ನಲ್ಲಿ ಅವನು ತಾಯಿಯನ್ನೇ ಹಾಡಲು ಕರೆದ. ‘ಶೋಭಾರಾಕ್’ ಎಂಬ ನುಡಿಕೆಯ ಹೆಸರಲ್ಲಿ ಅಮ್ಮನೂ ಇದ್ದಾಳೆ, ರಾಕೂ ಇದೆ. ಬೈಠಕ್ಕಿನಲ್ಲಿ ಕೂತು ಭಾವ ಹೇಳುವ ಆ ಕೊರಳು ಬೇಸ್ ಗಿಟಾರಿನ ಮೇಲೆ ತೇಲುವಾಗ ಎಲ್ಲೂ ತನ್ನ ಚಾಲು ಬಿಟ್ಟುಕೊಡುವುದಿಲ್ಲ. ಮಗ ಗತಿಯನ್ನು ಅಮ್ಮನಿಗೆ ಹೊಂದಿಸಿದ್ದಾನೆ, ಅಮ್ಮನನ್ನು ಗತಿಗೆ ಅಲ್ಲ.

ನೆನಪಿನ ಕೇಳುಗರಿಗೆ

ಐವತ್ತು ದಾಟಿದ ಕನ್ನಡಿಗರಲ್ಲಿ ಬಹುತೇಕರು ಜಾಝ್ ಫ್ಯೂಷನ್ ಎಂಬ ಹೆಸರು ಕೇಳುವ ಮೊದಲೇ ಆ ಮನೆತನದ ಸಂಗೀತ ಕೇಳಿಯಾಗಿತ್ತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತ ಎಲ್. ವೈದ್ಯನಾಥನ್ ಅವರದು. ಶಕ್ತಿ ತಂಡದ ಎಲ್. ಶಂಕರ್ ಈ ವೈದ್ಯನಾಥನ್ ಅವರ ತಮ್ಮ. ಬೆಂಗಳೂರಿನಲ್ಲಿ ನೆಲೆಸಿರುವ ಪಿಟೀಲು ವಾದಕ ಎಲ್. ಸುಬ್ರಹ್ಮಣ್ಯಂ ಇನ್ನೊಬ್ಬ ತಮ್ಮ. ಕಾಶೀನಾಥರ ‘ಅಪರಿಚಿತ’ (1978) ಚಿತ್ರಕ್ಕಾಗಿ ವಾಣಿ ಜಯರಾಂ ಹಾಡಿದ, ಇಂದಿಗೂ ಎಲ್ಲರ ಬಾಯಲ್ಲಿರುವ ಹಾಡೂ ವೈದ್ಯನಾಥನ್ ಅವರ ಸಂಯೋಜನೆಯೇ. ಅಣ್ಣ ಮದರಾಸಿನಲ್ಲಿ ಸಿನಿಮಾಕ್ಕೆ ಸ್ವರ ಹಾಕುತ್ತಿದ್ದರೆ ತಮ್ಮಂದಿರು ಅಮೆರಿಕದಲ್ಲಿ ಪಿಟೀಲು ನುಡಿಸುತ್ತಿದ್ದರು. ಸುಬ್ರಹ್ಮಣ್ಯಂ ಮತ್ತು ಫ್ರಾನ್ಸಿನ ಜಾಝ್ ಪಿಟೀಲು ವಾದಕ ಸ್ಟೆಫಾನ್ ಗ್ರಪೆಲಿ ಕೂಡಿ ನುಡಿಸಿದ ‘ಕಾನ್ವರ್ಸೇಶನ್ಸ್’ ಹಳೆಯ ಕ್ಯಾಸೆಟ್ ಪ್ರಿಯರು ಮತ್ತೆ ಹುಡುಕಿ ಕೇಳಬೇಕಾದದ್ದು.

ಇಳಯರಾಜರ ‘ಹೌ ಟು ನೇಮ್ ಇಟ್’ (1986) ಕ್ಯಾಸೆಟ್ಟು ಜಾಝಿಗಿಂತ ಬಾಖ್‌ನ ಕಡೆಗೆ ವಾಲಿದ್ದು. ಆದರೂ ನಮ್ಮಲ್ಲಿ ಫ್ಯೂಷನ್ ಎಂಬ ಮಾತನ್ನು ಮನೆಮನೆಗೆ ತಂದದ್ದು ಅದೇ. ಅದಕ್ಕೂ ಮೂರು ವರ್ಷ ಮೊದಲು ಕನ್ನಡದ ‘ಪಲ್ಲವಿ ಅನುಪಲ್ಲವಿ’ಗೆ ಅವರು ಹಾಕಿದ ಹಿನ್ನೆಲೆ ಎಳೆ ಬಹುಕಾಲದ ಮೇಲೆ ಮೊಬೈಲುಗಳಲ್ಲಿ ಗುನುಗುಟ್ಟಿತು. ಇನ್ನು ಶಾರ್ಟ್‌ವೇವ್ ಕಾಲದವರಿಗೆ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕೊನೊವರ್ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದ ಜಾಝ್ ಕಾರ್ಯಕ್ರಮ ನೆನಪಿರಬಹುದು. ದನಿ ದೂರ ಹೋಗಿ ಹತ್ತಿರ ಬರುತ್ತಿತ್ತು. ರೇಡಿಯೊವನ್ನು ಕಿಟಕಿಯ ಕಡೆ ತಿರುಗಿಸಿಟ್ಟರೆ ಸ್ಯಾಕ್ಸೊಫೋನ್ ಸಿಗುತ್ತಿತ್ತು, ತಾಳ ಕಳೆದುಹೋಗಿರುತ್ತಿತ್ತು.

ಸೋತ ಕೂಡಿಕೆಗಳ ಪಟ್ಟಿ ಇದಕ್ಕಿಂತ ಉದ್ದವಿದೆ, ಇಲ್ಲಿ ಬೇಡ. ಸೋಲುವ ಬಗೆ ಮಾತ್ರ ಒಂದೇ: ರಾಗದ ಒಂದು ತುಣುಕು ಹಾಡುತ್ತಾರೆ, ಕೀಬೋರ್ಡಿನವರು ಒಂದು ಕಾರ್ಡು ಒತ್ತಿ ಹಿಡಿಯುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಪಾಳಿ ಮುಗಿಸುತ್ತಾರೆ, ಕೊನೆಗೆ ಎಲ್ಲರೂ ಕೂಡಿ ಜೋರು ಮಾಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಮನೆಗೆ ಹೋಗುವಾಗ ಒಂದು ಸಾಲೂ ನೆನಪಿರುವುದಿಲ್ಲ.

ಮಂಗಳೂರಿನ ಸ್ಯಾಕ್ಸೊಫೋನ್

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡ ಹುಡುಗ ನಾಗಸ್ವರ ಬಿಟ್ಟು ಅದರ ಬೆನ್ನು ಹತ್ತಿದ. ತೊಡಕು ದೊಡ್ಡದಿತ್ತು. ನಾಗಸ್ವರದ ತೂತುಗಳು ತೆರೆದವು. ಬೆರಳನ್ನು ಅರ್ಧ ಎತ್ತಿ, ಉಸಿರು ಬಿಗಿದು ಸ್ವರವನ್ನು ತೂಗಬಹುದು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಮಾಡಿದ ಈ ವಾದ್ಯದಲ್ಲಿ ಬೆರಳಿಗೂ ತೂತಿಗೂ ನಡುವೆ ಲೋಹದ ಕೀಲಿಗಳು. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು; ನಡುವಿನ ದಾರಿಯಿಲ್ಲ. ತೋಡಿಯ ಗಾಂಧಾರವನ್ನು ಇದರಲ್ಲಿ ಅಲುಗಿಸುವುದು ಹೇಗೆ? ಗೋಪಾಲನಾಥರು ತುಟಿಯಲ್ಲಿ, ಉಸಿರಿನಲ್ಲಿ ಆ ದಾರಿ ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರ ಗುರುಗಳು. ಇವತ್ತು ದಕ್ಷಿಣ ಕನ್ನಡದ ದೇವಸ್ಥಾನದ ಉತ್ಸವಕ್ಕೂ ಮದುವೆಗೂ ಸ್ಯಾಕ್ಸೊಫೋನ್ ಬರುತ್ತದೆ, ಮಂಗಳವಾದ್ಯ ಎಂದೇ ಬರುತ್ತದೆ.

1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ಜತೆಗೂಡಿ ನುಡಿಸಲೇ ಎಂದು ಕೇಳಿ ವೇದಿಕೆ ಹತ್ತಿದರು. ಹ್ಯಾಂಡಿಯೂ ಹೊಸಬರಲ್ಲ, ಅಲಿ ಅಕ್ಬರ್ ಖಾನರ ಸರೋದಿನೊಡನೆ 1975ರಲ್ಲೇ ‘ಕರುಣ ಸುಪ್ರೀಮ್’ ಮುದ್ರಿಸಿದ್ದವರು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರೊಮನಾಡ್ ಕಛೇರಿಯಲ್ಲಿ ನುಡಿಸಿದರು. ಜಾಝ್ ಕೊಳಲು ವಾದಕ ಜೇಮ್ಸ್ ನ್ಯೂಟನ್ ಜತೆಗಿನ ‘ಸದರ್ನ್ ಬ್ರದರ್ಸ್’ ಅವರ ಫ್ಯೂಷನ್ ಮುದ್ರಣಗಳಲ್ಲಿ ಹೆಚ್ಚು ಶಾಂತವಾದದ್ದು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಅಮೆರಿಕದ ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ ಕೊಲರಾಡೊದಲ್ಲಿ ಬೆಳೆದ ಆಲ್ಟೊ ಸ್ಯಾಕ್ಸೊಫೋನ್ ವಾದಕ. ಹೆಸರು ಕೇಳಿದರೆ ನಮ್ಮ ಕಡೆಯ ಯಾವುದೋ ಊರಿನ ಪಾಟೀಲರ ಮನೆಯ ಹುಡುಗ ಅನ್ನಿಸುತ್ತದೆ. ಭಾರತೀಯ ಮೂಲದವನು ಎಂದ ಕೂಡಲೇ ಭಾರತೀಯ ಸಂಗೀತ ಬಲ್ಲವನೆಂದೇ ಎಲ್ಲರೂ ಭಾವಿಸುತ್ತಿದ್ದರು. ಅವನಿಗೆ ಅದು ಗೊತ್ತಿರಲಿಲ್ಲ. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟ. ಮೇಲೆ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂದಿತ್ತು, ಒಳಗಿದ್ದದ್ದು ಕದ್ರಿ ಗೋಪಾಲನಾಥ್. ಆ ತಮಾಷೆಯ ಫಲ 2008ರ ‘ಕಿನ್ಸ್‌ಮೆನ್’. ಇಬ್ಬರ ಸ್ಯಾಕ್ಸೊಫೋನುಗಳ ಜತೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯ ಗಿಟಾರು. ‘ಗಣೇಶ’, ‘ಸ್ನೇಕ್!’, ‘ಕಲ್ಯಾಣಿ’ ಮೂರನ್ನೂ ಬಿಡಬಾರದು. ಒಂದೇ ವಾದ್ಯ, ಎರಡು ನಾಲಿಗೆ. ಮಹಾಂತಪ್ಪನದು ಒರಟು, ಮೂಲೆ ಚೂಪು. ಗೋಪಾಲನಾಥರದು ದುಂಡಗೆ, ಎಣ್ಣೆ ಹಚ್ಚಿದಂತೆ. ಕಣ್ಣು ಮುಚ್ಚಿ ಕೇಳಿದರೂ ಯಾವುದು ಯಾರದೆಂದು ತಿಳಿಯುತ್ತದೆ. ಇಬ್ಬರೂ ಕೂಡಿ ಒಂದೇ ಸಾಲು ಓಡಿಸುವಾಗ ಆ ಗೆರೆ ಅಳಿಸುತ್ತದೆ.

ಇದಕ್ಕೂ ನಾಲ್ಕು ವರ್ಷ ಮೊದಲು, 2004ರಲ್ಲಿ, ಮಹಾಂತಪ್ಪ ‘ಮದರ್ ಟಂಗ್’ ಎಂಬ ಧ್ವನಿಮುದ್ರಿಕೆ ತಂದಿದ್ದ. ಅಮೆರಿಕದಲ್ಲಿ ಭಾರತೀಯರಿಗೆ ಮತ್ತೆಮತ್ತೆ ಎದುರಾಗುವ ಪ್ರಶ್ನೆ ಅದರ ಬೀಜ: ನೀವು ‘ಇಂಡಿಯನ್’ ಮಾತಾಡುತ್ತೀರಾ? ಬೇರೆ ಬೇರೆ ಭಾಷೆಯವರಿಂದ ಈ ಪ್ರಶ್ನೆಗೆ ಅವರವರ ನುಡಿಯಲ್ಲೇ ಉತ್ತರ ಹೇಳಿಸಿ ಮುದ್ರಿಸಿಕೊಂಡ. ಆ ಮಾತಿನ ಏರಿಳಿತ ಎಲ್ಲಿ, ಒತ್ತು ಎಲ್ಲಿ, ನಿಲುಗಡೆ ಎಲ್ಲಿ ಎಂದು ಸ್ವರಲಿಪಿಗೆ ಇಳಿಸಿಕೊಂಡು ಅದರ ಮೇಲೆ ನುಡಿಕೆ ಕಟ್ಟಿದ. ಪಿಯಾನೊದಲ್ಲಿ ವಿಜಯ್ ಅಯ್ಯರ್. ನುಡಿಕೆಗಳ ಹೆಸರು ‘ತಮಿಳ್’, ‘ತೆಲುಗು’, ‘ಕೊಂಕಣಿ’, ‘ಮಲಯಾಳಂ’, ‘ಗುಜರಾತಿ’. ಇನ್ನೊಂದರ ಹೆಸರು ‘ಕನ್ನಡ’. ಅದರಲ್ಲಿ ಹಾಡುವವರು ಯಾರೂ ಇಲ್ಲ, ಒಂದು ಪದವೂ ಕೇಳುವುದಿಲ್ಲ. ಸ್ಯಾಕ್ಸೊಫೋನ್ ಸಾಲು ಮಾತಿನ ಹಾಗೆ ಏರುತ್ತದೆ, ನಡುವೆ ತಡೆಯುತ್ತದೆ, ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಬಂದಂತೆ ಇಳಿದು ನಿಲ್ಲುತ್ತದೆ. ಡ್ರಮ್ಸ್ ಆ ನಿಲುಗಡೆಯನ್ನು ಎಣಿಸಿಕೊಂಡು ಮತ್ತೆ ಎತ್ತಿಕೊಳ್ಳುತ್ತದೆ.